ಸರೋವರದ ಮರೀನಾಗಳಿಗೆ ತೇಲುವ ಜೆಟ್ಟಿ: ಯೋಜನೆ, ನಿರ್ಮಾಣ, ನಿರ್ವಹಣೆ

ತೇಲುವ ಜೆಟ್ಟಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಎಷ್ಟು ಭಾರ ಹೊರುತ್ತದೆ ಎಂದು. ಅದಕ್ಕೆ ಉತ್ತರ ಅರ್ಧ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ. ತೇಲುವುದನ್ನು ಗಾಳಿ, ಅಲೆ ಮತ್ತು ನೀರಿನ ಏರಿಳಿತದ ನಡುವೆ ಇದ್ದಲ್ಲೇ ಇರಿಸುವುದು ಮಾತ್ರ ಅಷ್ಟು ಸುಲಭದ ಮಾತಲ್ಲ. ಹಾಳಾದ ಜೆಟ್ಟಿಗಳಲ್ಲಿ ಭಾರ ತಾಳದೆ ಮುಳುಗಿದವು ಕಡಿಮೆ. ಬಿಜಾಗರಿ ಕಿತ್ತು, ಸರಪಳಿ ಸವೆದು, ಲಂಗರು ಜಾರಿ ಕೆಟ್ಟವೇ ಹೆಚ್ಚು. ಹಣ ಮತ್ತು ಗಮನ ಎರಡನ್ನೂ ಹಂಚುವಾಗ ಇದು ನೆನಪಿನಲ್ಲಿರಬೇಕು.

ನೀರನ್ನು ಓದುವುದು

ಸ್ಥಳ ಗೊತ್ತುಮಾಡುವ ಮೊದಲು ಸರೋವರದ ನೀರಿನ ಮಟ್ಟದ ದಾಖಲೆಗಳನ್ನು ತರಿಸಿಕೊಂಡು, ಈವರೆಗೆ ಕಂಡ ಅತಿ ಹೆಚ್ಚು ಮತ್ತು ಅತಿ ಕಡಿಮೆ ಮಟ್ಟಗಳನ್ನು ಗುರುತಿಸಿಕೊಳ್ಳಬೇಕು. ನೀರಾವರಿಗೋ ವಿದ್ಯುತ್ತಿಗೋ ನೀರು ಬಿಡುವ ಜಲಾಶಯಗಳಲ್ಲಿ ಈ ಅಂತರ ಹಲವು ಮೀಟರ್ ಇರಬಹುದು, ಮತ್ತು ಸರಾಸರಿ ಮಟ್ಟವನ್ನು ನಂಬಿ ಕಟ್ಟಿದ ಜೆಟ್ಟಿ ಬರದ ವರ್ಷದಲ್ಲಿ ಕಲ್ಲಿನ ಮೇಲೆ ಕುಳಿತು ತನ್ನನ್ನು ತೇಲಿಸುವ ಪೆಟ್ಟಿಗೆಗಳನ್ನು, ಅಂದರೆ ಫ್ಲೋಟ್‌ಗಳನ್ನು, ತಾನೇ ಒಡೆದುಕೊಳ್ಳುತ್ತದೆ. ಅತಿ ಕಡಿಮೆ ಮಟ್ಟದಲ್ಲಿಯೂ ಅತ್ಯಂತ ಆಳವಾಗಿ ಮುಳುಗುವ ದೋಣಿಯ ತಳದ ಕೆಳಗೆ ಕನಿಷ್ಠ ಅರ್ಧ ಮೀಟರ್ ನೀರು ಉಳಿಯಬೇಕು.

ಎರಡನೆಯದು ಗಾಳಿಗೆ ಸಿಗುವ ತೆರೆದ ನೀರಿನ ಉದ್ದ. ಆಳವಾದ ನೀರಿನಲ್ಲಿ ಅಲೆಯ ಎತ್ತರವು ಈ ಉದ್ದದ ವರ್ಗಮೂಲದಂತೆ ಏರುತ್ತದೆ, ಅಂದರೆ ತೆರೆದ ನೀರು ನಾಲ್ಕು ಪಟ್ಟಾದರೆ ಅಲೆ ಸುಮಾರು ಎರಡು ಪಟ್ಟಾಗುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದ ಗಾಳಿ ಒಂದು ಕಿಲೋಮೀಟರ್ ತೆರೆದ ನೀರಿನ ಮೇಲೆ ಬೀಸಿದರೆ ಸುಮಾರು ಕಾಲು ಮೀಟರ್ ಎತ್ತರದ ಅಲೆಗಳು ಏಳುತ್ತವೆ. ಸಾಧಾರಣ ಜೆಟ್ಟಿಗೆ ಇಷ್ಟು ಸಹ್ಯ; ಇದಕ್ಕಿಂತ ಬಹಳ ಹೆಚ್ಚಾಗುವ ಕಡೆ ಅಲೆತಡೆ ಬೇಕು, ಇಲ್ಲವೇ ಬೇರೆ ಕೊಲ್ಲಿ ಹುಡುಕಬೇಕು. ಬೇರೆ ಕೊಲ್ಲಿ ಸಿಗುವಂತಿದ್ದರೆ ಅದನ್ನೇ ಆರಿಸಿಕೊಳ್ಳುವುದು ಜಾಣತನ.

ವಿನ್ಯಾಸದ ಅಳತೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮುಖ್ಯ ನಡೆದಾರಿ 1.8ರಿಂದ 2.4 ಮೀಟರ್ ಅಗಲವಿರಲಿ, ದೋಣಿಗಳ ನಡುವೆ ಚಾಚುವ ಕೈಗಳು ಒಂದು ಮೀಟರಿಗೆ ತೀರ ಕಡಿಮೆ ಇರದಿರಲಿ, ಮತ್ತು ಎರಡು ಸಾಲುಗಳ ನಡುವಿನ ನೀರುದಾರಿ ಅತಿ ಉದ್ದದ ದೋಣಿಯ ಒಂದೂವರೆ ಪಟ್ಟಾದರೂ ಇರಲಿ. ದಡ ಮತ್ತು ನೀರಿನಲ್ಲಿ ಕಟ್ಟಲು ಬೇಕಾದ ಅನುಮತಿಗಳನ್ನು ಸಾಮಗ್ರಿ ಕೊಳ್ಳುವ ಮೊದಲೇ ಪಡೆಯಬೇಕು.

ತೇಲುವ ಲೆಕ್ಕ

ಮುಳುಗಿದ ಒಂದು ಘನ ಮೀಟರ್ ಗಾತ್ರವು 1,000 ಕಿಲೋ ಹೊರುತ್ತದೆ. ಉಳಿದದ್ದೆಲ್ಲ ಇದರ ವಿಸ್ತರಣೆ. 6 ಮೀಟರ್ ಉದ್ದ, 2 ಮೀಟರ್ ಅಗಲದ ಜೆಟ್ಟಿಯ ಒಂದು ತುಂಡನ್ನು ತೆಗೆದುಕೊಳ್ಳೋಣ. ಚೌಕಟ್ಟು, ಹಲಗೆ, ಫ್ಲೋಟ್ ಎಲ್ಲ ಸೇರಿ ಚದರ ಮೀಟರಿಗೆ 60 ಕಿಲೋ ಎಂದರೆ ಸ್ವಂತ ಭಾರ 720 ಕಿಲೋ ಆಯಿತು. ಜನ ಮತ್ತು ಸಾಮಾನಿಗೆ ಚದರ ಮೀಟರಿಗೆ 120 ಕಿಲೋ ಹಿಡಿದರೆ ಮತ್ತೆ 1,440 ಕಿಲೋ ಸೇರಿ ಒಟ್ಟು 2,160 ಕಿಲೋ. 120 ಸೆಂಟಿಮೀಟರ್ ಉದ್ದ, 90 ಅಗಲ, 40 ಎತ್ತರದ ಫ್ಲೋಟ್‌ಗಳನ್ನು ಐದು ಹಾಕಿದರೆ ಪೂರ್ಣ ಭಾರದಲ್ಲಿ ಅವು ತುದಿಯವರೆಗೆ ಮುಳುಗುತ್ತವೆ, ಮೀಸಲು ಎಂಬುದೇ ಉಳಿಯುವುದಿಲ್ಲ. ಆರು ಹಾಕಿದರೆ ಖಾಲಿ ಇದ್ದಾಗ 11 ಸೆಂಟಿಮೀಟರ್, ತುಂಬಿದಾಗ 33 ಸೆಂಟಿಮೀಟರ್ ಮುಳುಗಿ, 7 ಸೆಂಟಿಮೀಟರ್ ಕೈಯಲ್ಲಿರುತ್ತದೆ. ಫ್ಲೋಟ್‌ನ ಮೇಲೆ 20 ಸೆಂಟಿಮೀಟರ್ ಎತ್ತರದ ಚೌಕಟ್ಟು ಕೂತರೆ ಖಾಲಿ ಜೆಟ್ಟಿಯ ನೆಲ ನೀರಿನಿಂದ ಸುಮಾರು 49 ಸೆಂಟಿಮೀಟರ್ ಮೇಲಿರುತ್ತದೆ, ಸಾಧಾರಣ ಮೋಟಾರು ದೋಣಿಗಳಿಗೆ ಇದು ಅನುಕೂಲದ ಎತ್ತರ. ಕಯಾಕ್ ಮತ್ತು ಹುಟ್ಟುದೋಣಿಗಳಿಗೆ ಇದರ ಅರ್ಧವೂ ಹೆಚ್ಚೇ, ಆದ್ದರಿಂದ ಅವಕ್ಕೆ ತಗ್ಗಾದ ಬೇರೆ ತುಂಡು ಮಾಡಿಸುವುದು ಮೇಲು.

ಫ್ಲೋಟ್‌ಗಳನ್ನು ನಡುವಿಗೆ ಒತ್ತಿ ಜೋಡಿಸದೆ ಎರಡೂ ಅಂಚುಗಳಿಗೆ ಸರಿಸಬೇಕು. ಓಲಾಟವನ್ನು ತಡೆಯುವ ಶಕ್ತಿ ನೀರನ್ನು ಮುಟ್ಟುವ ಅಗಲದ ಘನದಂತೆ ಹೆಚ್ಚುತ್ತದೆ. ಒಂದು ಪಕ್ಕಕ್ಕೆ ನಾಲ್ಕು ಜನ ನಿಂತು ಹಗ್ಗ ಎಳೆಯುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಫ್ಲೋಟ್ ಯಾವುದಿರಬೇಕೆಂಬ ಪ್ರಶ್ನೆಗೆ, ದಪ್ಪ ಪಾಲಿಎಥಿಲೀನ್ ಕವಚದೊಳಗೆ ಫೋಮ್ ತುಂಬಿದ್ದು ಎಂಬುದೇ ನನ್ನ ಉತ್ತರ. ಕವಚವಿಲ್ಲದ ಥರ್ಮಾಕೋಲನ್ನು ಪ್ರಾಣಿಗಳು ಕೊರೆಯುತ್ತವೆ, ಪೆಟ್ರೋಲ್ ಕರಗಿಸುತ್ತದೆ, ಉದುರಿದ ಬಿಳಿ ಕಾಳುಗಳು ವರ್ಷಗಟ್ಟಲೆ ನೀರಿನಲ್ಲಿ ತೇಲುತ್ತವೆ. ಹಳೆಯ ಉಕ್ಕಿನ ಪೀಪಾಯಿ ಅಗ್ಗ ಎನ್ನುವವರು ಅದು ತುಕ್ಕು ಹಿಡಿದು ತೂತಾದ ದಿನದ ಖರ್ಚನ್ನೂ ಕೂಡಿಸಿ ನೋಡಲಿ.

ಜೋಡಣೆ

ಚೌಕಟ್ಟನ್ನು ದಡದ ಸಮತಟ್ಟಾದ ನೆಲದ ಮೇಲೆ ಕಟ್ಟಿ, ಎರಡು ಕರ್ಣಗಳನ್ನು ಅಳೆದು, ಸಮ ಬಂದ ಮೇಲಷ್ಟೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಕು. ಒಂದು ಸೆಂಟಿಮೀಟರ್ ವಾಲಿದ ತುಂಡು ಮುಂದಿನದರ ಬಿಜಾಗರಿಗೆ ಹೊಂದುವುದಿಲ್ಲ, ನೀರಿನ ಮೇಲೆ ಅದನ್ನು ತಿದ್ದಲು ಆಗುವುದೂ ಇಲ್ಲ. ಮರವಾದರೆ ಸಂಸ್ಕರಿಸಿದ್ದೇ ಇರಲಿ, ಕಬ್ಬಿಣವಾದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದೇ ಇರಲಿ. ಅಲ್ಯೂಮಿನಿಯಂ ಚೌಕಟ್ಟಿಗೆ ಬೇರೆ ಲೋಹದ ಬೋಲ್ಟ್ ನೇರವಾಗಿ ತಾಗಿದರೆ ಒದ್ದೆಯಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಆದ್ದರಿಂದ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ನೈಲಾನ್ ಕೊಳವೆ ಕೊಡಬೇಕು. ಹಲಗೆಗಳ ನಡುವೆ ಸುಮಾರು 6 ಮಿಲಿಮೀಟರ್ ಸಂದು ಬಿಡಬೇಕು. ನೀರಿನ ಸಸ್ಯಗಳಿಗೆ ಬೆಳಕು ತಲುಪಬೇಕಾದ ಕಡೆ ಜಾಲರಿ ನೆಲ ಇನ್ನೂ ಉತ್ತಮ.

ತುಂಡುಗಳ ನಡುವಿನ ಬಿಜಾಗರಿಯಲ್ಲಿ ಜಿಪುಣತನ ಕೂಡದು. ಅಲೆ ಬಂದಾಗಲೆಲ್ಲ ಪಕ್ಕದ ತುಂಡುಗಳು ಒಂದಾದ ಮೇಲೊಂದು ಏಳುತ್ತವೆ, ಆ ತಿರುಚೆಲ್ಲವನ್ನೂ ಒಂದು ಕೀಲುಮೊಳೆ ನುಂಗಬೇಕು. ರಬ್ಬರ್ ಬುಷ್ ಇರುವ ದಪ್ಪ ಮೊಳೆ, ಅದರ ಕೊನೆಗೆ ಸಡಿಲವಾಗದ ಲಾಕ್‌ನಟ್, ಮತ್ತು ಮೊಳೆಯ ಒತ್ತಡವನ್ನು ಚೌಕಟ್ಟಿನ ಉದ್ದಕ್ಕೆ ಹಂಚುವ ಉದ್ದನೆಯ ಪಟ್ಟಿ ಬೇಕು.

ಇನ್ನು ಲಂಗರು. 7 ಮೀಟರ್ ಉದ್ದ, ನೀರಿನ ಮೇಲೆ 1.5 ಮೀಟರ್ ಎತ್ತರ ಕಾಣುವ ದೋಣಿಗೆ ಗಂಟೆಗೆ 90 ಕಿಲೋಮೀಟರ್ ಗಾಳಿ ಅಡ್ಡಲಾಗಿ ಬೀಸಿದರೆ ಅದು ಸುಮಾರು 400 ಕಿಲೋ ತೂಕದಷ್ಟು ಬಲದಿಂದ ಜೆಟ್ಟಿಯನ್ನು ಎಳೆಯುತ್ತದೆ, ಮತ್ತು ಗಾಳಿಯ ವೇಗ ಒಂದೂವರೆ ಪಟ್ಟಾದರೆ ಈ ಬಲ ಎರಡು ಪಟ್ಟಿಗೂ ಮೀರುತ್ತದೆ. ಇದಕ್ಕೆ ಎದುರಾಗಿ, ಲಂಗರಾಗಿ ತಳಕ್ಕಿಳಿಸುವ ಒಂದು ಘನ ಮೀಟರ್ ಕಾಂಕ್ರೀಟ್ ದಿಮ್ಮಿ ದಡದಲ್ಲಿ 2,400 ಕಿಲೋ ತೂಗಿದರೂ ನೀರಿನೊಳಗೆ 1,400 ಕಿಲೋ ಮಾತ್ರ. ಜಾರದೆ ತಡೆಯುವ ಶಕ್ತಿ ಅದರ ಅರ್ಧದಷ್ಟು ಎಂದು ಹಿಡಿಯುವುದೇ ಧಾರಾಳ. ದಿಮ್ಮಿಗಳ ಲೆಕ್ಕದಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಸರಪಳಿಗಳನ್ನು ಜೆಟ್ಟಿಯ ಅಡಿಯಲ್ಲಿ ಅಡ್ಡಡ್ಡ ದಾಟಿಸಿ ಎದುರು ಬದಿಯ ದಿಮ್ಮಿಗೆ ಕಟ್ಟಿದರೆ ದೋಣಿಗಳ ತಳಕ್ಕೆ ಅವು ತಾಗುವುದಿಲ್ಲ. ತಳ ಗಟ್ಟಿಯಾಗಿದ್ದು ನೀರು ಹೆಚ್ಚು ಆಳವಿಲ್ಲದಿದ್ದರೆ, ಕಂಬ ನೆಟ್ಟು ಉರುಳೆಗಳಿರುವ ಬಳೆಯಿಂದ ಹಿಡಿಸುವುದು ಹೆಚ್ಚು ನೆಮ್ಮದಿಯ ವಿಧಾನ. ಆಗ ಕಂಬದ ತುದಿ ಅತಿ ಹೆಚ್ಚಿನ ಮಟ್ಟದಲ್ಲಿಯೂ ಬಳೆಗಿಂತ ಸಾಕಷ್ಟು ಮೇಲಿರಬೇಕು, ಇಲ್ಲದಿದ್ದರೆ ನೆರೆ ಬಂದ ರಾತ್ರಿ ಜೆಟ್ಟಿ ಕಂಬದಿಂದ ಕಳಚಿಕೊಂಡು ಹೊರಡುತ್ತದೆ.

ದಡದಿಂದ ಇಳಿಯುವ ಸೇತುವೆಯ ಉದ್ದವನ್ನು ಅತಿ ಕಡಿಮೆ ಮಟ್ಟವೇ ನಿರ್ಧರಿಸುತ್ತದೆ. ಆಗ ದಡಕ್ಕೂ ಜೆಟ್ಟಿಗೂ 3 ಮೀಟರ್ ಎತ್ತರದ ವ್ಯತ್ಯಾಸವಿದ್ದರೆ ನಾಲ್ಕಕ್ಕೆ ಒಂದರ ಇಳಿಜಾರಿಗೆ 12 ಮೀಟರ್, ಗಾಲಿಕುರ್ಚಿಗೆ ಒಗ್ಗುವ ಹನ್ನೆರಡಕ್ಕೆ ಒಂದರ ಇಳಿಜಾರಿಗೆ 36 ಮೀಟರ್ ಬೇಕಾಗುತ್ತದೆ. ಸೇತುವೆಯ ಸುಮಾರು ಅರ್ಧ ಭಾರ ಜೆಟ್ಟಿಯ ಒಂದೇ ಅಂಚಿನ ಮೇಲೆ ಬೀಳುವುದರಿಂದ ಅಲ್ಲಿ ಹೆಚ್ಚುವರಿ ಫ್ಲೋಟ್ ಕೊಡಬೇಕು.

ವಿದ್ಯುತ್ತು

ಸಿಹಿನೀರಿನಲ್ಲಿ ವಿದ್ಯುತ್ ಸೋರಿಕೆ ಸಮುದ್ರದಲ್ಲಿದ್ದುದಕ್ಕಿಂತ ಅಪಾಯಕಾರಿ. ಉಪ್ಪುನೀರು ಒಳ್ಳೆಯ ವಾಹಕವಾದ್ದರಿಂದ ವಿದ್ಯುತ್ ದೇಹವನ್ನು ಬಿಟ್ಟು ಸುತ್ತಲಿನ ನೀರಿನಲ್ಲೇ ಹೋಗುತ್ತದೆ. ಸರೋವರದಲ್ಲಿ ದೇಹವೇ ನೀರಿಗಿಂತ ಉತ್ತಮ ವಾಹಕ, ಹಾಗಾಗಿ ಅದು ಈಜುವವನ ಮೂಲಕ ಹಾದುಹೋಗುತ್ತದೆ. 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಸ್ನಾಯುಗಳು ಹಿಡಿತ ತಪ್ಪುತ್ತವೆ, ಈಜಲಾಗದೆ ಮುಳುಗಿದವರ ಮೈಮೇಲೆ ಸುಟ್ಟ ಗುರುತು ಕೂಡ ಕಾಣದಿರಬಹುದು. ಜೆಟ್ಟಿಗೆ ಹೋಗುವ ಮುಖ್ಯ ತಂತಿಗೆ 30 ಮಿಲಿಆಂಪಿಯರ್ ಮೀರದೆ ಕಡಿತಗೊಳಿಸುವ ಸೋರಿಕೆ ರಕ್ಷಕ, ಪ್ರತಿ ದೋಣಿಯ ಸಾಕೆಟ್ಟಿಗೆ ಪ್ರತ್ಯೇಕ ರಕ್ಷಕ, ಅರ್ಹ ಎಲೆಕ್ಟ್ರಿಷಿಯನ್‌ನಿಂದ ವರ್ಷಕ್ಕೊಮ್ಮೆ ಪರೀಕ್ಷೆ ಇರಲೇಬೇಕು. ಸೋರಿಕೆ ದೋಣಿಯೊಳಗಿನ ಹಳೆಯ ವೈರಿಂಗಿನಿಂದಲೂ ಬರಬಹುದಾದ್ದರಿಂದ, ವಿದ್ಯುತ್ ಇರುವ ಜೆಟ್ಟಿಯ ಸುತ್ತ ಈಜುವುದನ್ನು ಪೂರ್ತಿ ನಿಷೇಧಿಸಿ ಫಲಕ ಹಾಕಬೇಕು. ನೀರಿಗೆ ಬಿದ್ದವರು ಮೇಲೇರಲು ಏಣಿಗಳು ಮತ್ತು ಜೀವರಕ್ಷಕ ಬಳೆಗಳು ಅಲ್ಲಲ್ಲಿ ಇರಲಿ.

ನಿರ್ವಹಣೆ

ಜೆಟ್ಟಿ ನೀರಿಗಿಳಿದ ಮೊದಲ ತಿಂಗಳ ಕೊನೆಗೆ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಅಲೆಯ ಅಲುಗಾಟಕ್ಕೆ ಜೋಡಣೆ ಕೂತುಕೊಂಡು ಸಡಿಲವಾಗಿರುತ್ತದೆ. ಆಮೇಲೆ ವರ್ಷಕ್ಕೆರಡು ಬಾರಿ, ಮತ್ತು ಪ್ರತಿ ದೊಡ್ಡ ಬಿರುಗಾಳಿಯ ಬೆನ್ನಿಗೆ, ಬಿಜಾಗರಿಯ ಮೊಳೆಗಳನ್ನು ನೋಡಬೇಕು. ಮೊಳೆಯ ತೂತು ದುಂಡಗಿನಿಂದ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಮೊಳೆಯೊಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಪಟ್ಟಿಯನ್ನೂ ಬದಲಿಸಬೇಕು. ಸರಪಳಿ ಅತಿ ಹೆಚ್ಚು ಸವೆಯುವುದು ತಳದಿಂದ ಎದ್ದು ಮತ್ತೆ ಬೀಳುವ ಜಾಗದಲ್ಲಿ, ಕೊಂಡಿಗಳು ಒಂದನ್ನೊಂದು ಉಜ್ಜುವ ಒಳಬದಿಯಲ್ಲಿ. ಜೆಟ್ಟಿಯ ಮೇಲೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ಮುಳುಗುಗಾರ ಇಳಿದು ಅಳತೆಪಟ್ಟಿ ಹಿಡಿಯಬೇಕು.

ಹೆಪ್ಪುಗಟ್ಟುವ ಸರೋವರಗಳಲ್ಲಿ ತುಂಡುಗಳನ್ನು ಬಿಡಿಸಿ ಆಸರೆಯ ಕೊಲ್ಲಿಗೆ ಎಳೆದೊಯ್ಯುವುದು ಕ್ಷೇಮ. ಅದು ಆಗದ ಕಡೆ ತಳದಿಂದ ಗಾಳಿಗುಳ್ಳೆ ಬಿಡುವ ಯಂತ್ರ ಕೆಲಸಕ್ಕೆ ಬರುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾದ್ದರಿಂದ ಚಳಿಗಾಲದಲ್ಲಿ ತಳದ ನೀರೇ ಬೆಚ್ಚಗಿರುತ್ತದೆ, ಗುಳ್ಳೆಗಳು ಅದನ್ನು ಮೇಲಕ್ಕೆ ತಂದು ಜೆಟ್ಟಿಯ ಸುತ್ತ ಮಂಜುಗಡ್ಡೆ ಕಟ್ಟದಂತೆ ನೋಡಿಕೊಳ್ಳುತ್ತವೆ.

ಪ್ರತಿ ತುಂಡಿನ ನಾಲ್ಕು ಮೂಲೆಗಳಲ್ಲಿ ನೀರಿನಿಂದ ನೆಲದ ಎತ್ತರವನ್ನು ಜೆಟ್ಟಿ ಖಾಲಿ ಇರುವ, ಗಾಳಿಯಿಲ್ಲದ ಬೆಳಗಿನಲ್ಲಿ ಅಳೆದು ಬರೆದಿಡಬೇಕು. ಎಲ್ಲ ಮೂಲೆಗಳೂ ಸಮನಾಗಿ ಇಳಿದಿದ್ದರೆ ಮರ ನೀರು ಕುಡಿದಿದೆ ಅಥವಾ ತಳದಲ್ಲಿ ಚಿಪ್ಪುಜೀವಿಗಳು ಬೆಳೆದು ಭಾರವಾಗಿವೆ ಎಂದರ್ಥ. ಒಂದೇ ಮೂಲೆ ಇಳಿದಿದ್ದರೆ ಅಲ್ಲಿಯ ಫ್ಲೋಟ್ ಒಡೆದಿದೆ. ಜೆಟ್ಟಿಯನ್ನು ಎತ್ತದೆಯೇ ಇದಕ್ಕೆ ಪರಿಹಾರವುಂಟು. ಫೋಮ್ ಇಲ್ಲದ ಟೊಳ್ಳು ಫ್ಲೋಟ್ ಒಂದಕ್ಕೆ ನೀರು ತುಂಬಿ ಅಡಿಗೆ ತೂರಿಸಿ, ಚೌಕಟ್ಟಿಗೆ ಬಿಗಿದು, ಕೆಳಗಿನ ತೂತನ್ನು ತೆರೆದಿಟ್ಟು ಮೇಲಿನಿಂದ ಕಂಪ್ರೆಸರ್ ಗಾಳಿ ಊದಿದರೆ ನೀರು ಹೊರಹೋಗುತ್ತಾ ಮೂಲೆ ಮೆಲ್ಲಗೆ ಏಳುತ್ತದೆ. ಬರೆದಿಟ್ಟ ಅಳತೆಗೆ ಮೂಲೆ ಮರಳಿದಾಗ ಗಾಳಿ ನಿಲ್ಲಿಸಿ, ಎರಡೂ ತೂತುಗಳಿಗೆ ಬಿರಡೆ ಹಾಕಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆಯಬೇಕು.