ತೋಟದ ರೈಟರ್ ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದೀರಾ?

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಆಫೀಸ್ ನೋಡಿಕೊಳ್ಳುತ್ತೇನೆ. ತೋಟದ ಹಾಜರಿ, ತೂಕ, ಕೂಲಿ ಲೆಕ್ಕ ಬರೆಯುವವರೇ ರೈಟರ್. ರೈಟರ್, ಸೂಪರ್‌ವೈಸರ್ ಕೆಲಸಕ್ಕೆ ಬಂದವರನ್ನು ಮೊದಲು ಮಾತಾಡಿಸುವವಳು ನಾನೇ. ಹೆಚ್ಚಿನವರು ಯೂಟ್ಯೂಬ್ ನೋಡಿ ತಯಾರಾಗಿ ಬರುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಸಾಕು, ‘ನಾನು ಹಾರ್ಡ್ ವರ್ಕರ್, ಟೀಮ್ ಪ್ಲೇಯರ್’ ಅಂತ ಶುರು. ಹಾಗೆ ಹೇಳಿದ ಹುಡುಗ ಪ್ರತಿ ಕೊಯ್ಲಿಗೂ ಮನೆಯ ಮೂರೆಕರೆ ತೋಟದ ತೂಕ, ಕೂಲಿ ಎಲ್ಲಾ ಬರೆದಿಟ್ಟವನು ಅನ್ನೋದು ನಾನು ಕೆದಕಿ ಕೆದಕಿ ಕೇಳಿದ ಮೇಲೆ ಹೊರಗೆ ಬರುತ್ತದೆ. ಅದನ್ನೇ ಮೊದಲು ಹೇಳಬಾರದಾ ಮಾರಾಯ?

ಹಾಗಾಗಿ ಮೊದಲ ತಯಾರಿ ಇದು. ಒಂದು ಹಾಳೆ ತೆಗೆದುಕೊಂಡು ನೀವು ನಿಜವಾಗಿ ಮಾಡಿದ ಕೆಲಸವನ್ನೆಲ್ಲ ಬರೆಯಿರಿ. ಕಣದಲ್ಲಿ ಕಾಫಿ ತಿರುವಿದ್ದು, ಕರಿಮೆಣಸು ಬಿಡಿಸಿದ್ದು, ಸೊಸೈಟಿಗೆ ಲೆಕ್ಕ ಒಯ್ದದ್ದು, ಸ್ಪ್ರಿಂಕ್ಲರ್ ಪೈಪ್ ಜೋಡಿಸಿದ್ದು. ಸಂಬಳ ಬಂದಿರಬೇಕು ಅಂತೇನಿಲ್ಲ. ಅದರಲ್ಲಿ ಎರಡನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಹೇಳೋದನ್ನು ಕಲಿಯಿರಿ. ಬಾಯಿಪಾಠ ಮಾಡಬೇಡಿ, ಗೊತ್ತಾಗುತ್ತದೆ.

ಇನ್ನು ಲೆಕ್ಕ. ಡಿಗ್ರಿ ಇದ್ದವರೂ ಇಲ್ಲೇ ತಡವರಿಸುತ್ತಾರೆ. ನಾನು ಕೇಳುವ ಥರದ ಪ್ರಶ್ನೆ ಒಂದು ಹೇಳುತ್ತೇನೆ. ಒಬ್ಬಾಕೆ ವಾರದಲ್ಲಿ 540 ಕೆ.ಜಿ. ಹಣ್ಣು ಕೊಯ್ದಿದ್ದಾಳೆ. ಕೆ.ಜಿ.ಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಮುಂಗಡ 1,500 ತೆಗೆದುಕೊಂಡಿದ್ದಾಳೆ. ಕೈಗೆ ಎಷ್ಟು ಕೊಡಬೇಕು? 1,200 ಅಂತ ಕೊನೆಗೆ ಎಲ್ಲರೂ ಹೇಳುತ್ತಾರೆ. ‘ಮೇಡಂ, 540ರಲ್ಲಿ ಚೀಲದ ತೂಕ ಕಳೆದಿದ್ದೀರಾ, ಇಲ್ವಾ?’ ಅಂತ ಯಾರಾದರೂ ಕೇಳಿದರೆ ನಾನು ಪೆನ್ನು ಕೆಳಗಿಟ್ಟು ಅವರ ಮುಖ ನೋಡುತ್ತೇನೆ. ಸಂಜೆ ತೂಕದ ಹೊತ್ತಿಗೆ ಜಗಳ ಆಗೋದೇ ಅಲ್ಲಿ.

ಓಟಿ (ಔಟ್‌ಟರ್ನ್) ಅಂದರೆ ಏನು ಅಂತ ತಿಳಿದುಕೊಂಡಿರಿ. ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ ಚೆರ್ರಿ ಅನ್ನುತ್ತೇವೆ. 50 ಕೆ.ಜಿ. ಚೆರ್ರಿ ಚೀಲದ ಸಿಪ್ಪೆ ತೆಗೆದಾಗ 26 ಕೆ.ಜಿ. ಬೀಜ ಸಿಕ್ಕರೆ ಓಟಿ 26. ಅದೇ 28 ಬಂದರೆ 100 ಚೀಲಕ್ಕೆ 200 ಕೆ.ಜಿ. ಬೀಜ ಜಾಸ್ತಿ. ಇಷ್ಟು ಬಾಯಲ್ಲಿ ಹೇಳಿದರೆ ಸಾಕು, ಕ್ಯಾಲ್ಕುಲೇಟರ್ ಬೇಡ. ಮಳೆ ಲೆಕ್ಕವೂ ಹಾಗೇ. ನಮ್ಮ ತೋಟಗಳ ಪುಸ್ತಕದಲ್ಲಿ ಮಳೆ ಇಂಚು, ಸೆಂಟಿನಲ್ಲೇ ಇರುತ್ತದೆ. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ‘ನಿನ್ನೆ ಒಂದು ಇಪ್ಪತ್ತು ಬಿತ್ತು’ ಅಂದರೆ ಎಷ್ಟು ಮಿಲಿಮೀಟರ್? ಮೂವತ್ತರ ಮೇಲೆ ಸ್ವಲ್ಪ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಹೊತ್ತಿನಲ್ಲಿ ಸ್ಪ್ರಿಂಕ್ಲರ್ ಓಡಿಸಬೇಕಾ ಬೇಡವಾ ಅಂತ ಮ್ಯಾನೇಜರ್ ನೋಡೋದು ನೀವು ಬರೆದ ಈ ಅಂಕಿಯನ್ನೇ.

ಎಕ್ಸೆಲ್ ಬರುತ್ತಾ ಅಂತ ಕೇಳೇ ಕೇಳುತ್ತಾರೆ. ಹಾಜರಿ ಪಟ್ಟಿಯೊಂದನ್ನು ಮನೆಯಲ್ಲೇ ಮಾಡಿ ನೋಡಿ, ಅಷ್ಟು ಸಾಕು.

ಆಮೇಲೆ ಆ ತೋಟದ ಬಗ್ಗೆ ವಿಚಾರಿಸಿ. ಅರೇಬಿಕಾನಾ ರೋಬಸ್ಟಾನಾ, ಪಲ್ಪಿಂಗ್ (ಹಸಿ ಹಣ್ಣಿನ ಸಿಪ್ಪೆ ತೆಗೆಯೋದು) ಮಾಡುತ್ತಾರಾ ಅಥವಾ ಎಲ್ಲಾ ಚೆರ್ರಿನಾ, ಕೆಲಸಗಾರರಿಗೆ ಸಾಲು ಮನೆ, ಅಂದರೆ ಲೈನ್ ಮನೆ ಇದೆಯಾ. ಗೇಟಿನ ಹತ್ತಿರದ ಅಂಗಡಿಯಲ್ಲಿ ಒಂದು ಚಾ ಕುಡಿದರೆ ಇಷ್ಟೂ ಗೊತ್ತಾಗುತ್ತದೆ. ವೆಬ್‌ಸೈಟ್ ಹುಡುಕುತ್ತಾ ಕೂರಬೇಡಿ, ಎಷ್ಟೋ ತೋಟಗಳಿಗೆ ಅದೇ ಇರಲ್ಲ. ಸೋಮವಾರಪೇಟೆ, ಮಾದಾಪುರದ ಕಡೆಯವರಾದರೆ ನಿಮ್ಮ ಅನುಭವ ಅರೇಬಿಕಾದ್ದೇ ಇರಬಹುದು. ಅರೇಬಿಕಾ ಗಿಡ ಕೊರೆಯುವ ಹುಳು ಕಾಂಡಕೊರಕದ ಬಗ್ಗೆ ಚೆನ್ನಾಗಿ ಹೇಳುತ್ತೀರಿ. ಆದರೆ ಸಿದ್ದಾಪುರದಲ್ಲಿ ನಿಮ್ಮನ್ನು ಕೇಳೋದು ರೋಬಸ್ಟಾ ವಿಷಯ. ಕೊಯ್ಲು ಯಾವಾಗ ಶುರು, ಹೂ ಬಂದ ಮೇಲೆ ಎರಡನೇ ಮಳೆ ಯಾಕೆ ಬೇಕು, ಇಂಥವನ್ನು ಆ ಕಡೆಯ ಯಾರನ್ನಾದರೂ ಕೇಳಿ ತಿಳಿದುಕೊಂಡು ಬನ್ನಿ.

ನನಗೆ ಇಷ್ಟದ ಪ್ರಶ್ನೆ ಬೇರೆ. ‘ಬೆಳಗ್ಗೆ ಏಳೂವರೆ. ಮಸ್ಟರ್ (ಹಾಜರಿ ಕರೆದು ಕೆಲಸ ಹಂಚೋದು) ಮುಗಿದಿದೆ. ಕೊಯ್ಲಿಗೆ ಹೋಗಬೇಕಾದ ಬ್ಲಾಕಿನಲ್ಲಿ ಆನೆ ನಿಂತಿದೆ ಅಂತ ಫೋನ್ ಬಂತು. ಏನು ಮಾಡುತ್ತೀರಿ?’ ಪಟಾಕಿ ಹೊಡೆಯುತ್ತೇನೆ ಅಂದವರಿಗೆ ನನ್ನಲ್ಲಿ ಕೆಲಸ ಇಲ್ಲ. ಮೊದಲು ಯಾರೂ ಆ ಕಡೆ ಹೋಗದ ಹಾಗೆ ಕೆಲಸಗಾರರ ಮೇಸ್ತ್ರಿಗೆ ಹೇಳಬೇಕು. ಆಗಲೇ ಹೊರಟವರನ್ನು ವಾಪಸ್ ಕರೆಸಿ, ತಲೆ ಎಣಿಸಬೇಕು. ಆಮೇಲೆ ಮ್ಯಾನೇಜರ್‌ಗೆ, ಅರಣ್ಯ ಇಲಾಖೆಗೆ ಫೋನ್. ಜನರನ್ನು ದೂರದ ಬೇರೆ ಬ್ಲಾಕಿಗೆ ಹಾಕಬಹುದಾ ಅಂತ ಕೇಳಬೇಕು. ‘ಕಾದ ಹೊತ್ತಿಗೆ ಹಾಜರಿ ಹೇಗೆ ಹಾಕಲಿ?’ ಅಂತಲೂ ಕೇಳಿದರೆ, ಈ ಮನುಷ್ಯನಿಗೆ ತೋಟ ಗೊತ್ತು ಅಂತ ಅರ್ಥ.

ಭಾಷೆಯನ್ನು ಮುಚ್ಚಿಡಬೇಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಯಾವುದು ಬಂದರೂ ಹೇಳಿ. ಅಸ್ಸಾಮಿನಿಂದ ಬಂದ ಕೆಲಸಗಾರರು ಈಗ ತುಂಬಾ ತೋಟಗಳಲ್ಲಿ ಇದ್ದಾರೆ. ಮುರುಕು ಹಿಂದಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್‌ಗೆ ಹೆದರಬೇಡಿ. ನಮ್ಮ ಪುಸ್ತಕಗಳಲ್ಲಿ ಬೇಕಾಗುವ ಇಂಗ್ಲಿಷ್ ಪದಗಳು ಒಂದು ಪುಟ ತುಂಬಲ್ಲ.

ಜೂನ್‌ನಿಂದ ಆಗಸ್ಟ್ ಒಳಗೆ ಕರೆ ಬಂದರೆ ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಮರ ಬಿದ್ದು ಬಸ್ ನಿಲ್ಲೋದು ಹೊಸದಲ್ಲ, ಒಂದು ಬಸ್ ಮುಂಚೆ ಹೊರಡಿ. ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಬುಕ್, ಹಿಂದೆ ಪಿ.ಎಫ್. ಇದ್ದರೆ ಯು.ಎ.ಎನ್. ನಂಬರ್, ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ. ಫೋನಿನಲ್ಲೇ ಮೊದಲ ಸುತ್ತು ಅಂದರೆ, ಮನೆಯಲ್ಲಿ ಸಿಗ್ನಲ್ ಹೋಗುತ್ತೆ ಅಂತ ಮುಂಚೆಯೇ ತಿಳಿಸಿ, ಸಿಗ್ನಲ್, ಕರೆಂಟ್ ಇರುವ ನೆಂಟರ ಮನೆಗೆ ಹೋಗಿ ಕೂರಿ. ಬಟ್ಟೆ ಸುಮ್ನೆ ಶುಭ್ರವಾಗಿರಲಿ, ಟೈ ಬೇಡ. ಹೊಳೆಯುವ ಶೂ ಅಂತೂ ಬೇಡವೇ ಬೇಡ. ಮಾತಿನ ಮಧ್ಯೆ ‘ಬನ್ನಿ, ಕಣದ ತನಕ ಹೋಗಿ ಬರೋಣ’ ಅಂತ ಕರೆದುಕೊಂಡು ಹೋಗುತ್ತೇವೆ. ಜಿಗಣೆಗೆ ಶೂ ಬ್ರಾಂಡ್ ಗೊತ್ತಾಗಲ್ಲ.

ಸಂಬಳದ ಮಾತು ಬಂದಾಗ ‘ನೀವು ಕೊಟ್ಟಷ್ಟು’ ಅನ್ನಬೇಡಿ. ಅದು ವಿನಯ ಅಲ್ಲ, ನಷ್ಟ. ಕೈಗೆ ಎಷ್ಟು ಸಿಗುತ್ತೆ, ಪಿ.ಎಫ್. ಇದೆಯಾ, ಕ್ವಾರ್ಟರ್ಸ್‌ಗೆ ಕರೆಂಟ್ ಬಿಲ್ ಯಾರದು, ಬೋನಸ್ ಎಷ್ಟು ಅಂತ ಕೇಳಿ. ಬೋನಸ್ ಕಾನೂನಿನ ವ್ಯಾಪ್ತಿಗೆ ಬರುವ ಕಡೆ ಕನಿಷ್ಠ 8.33 ಶೇಕಡಾ ಕೊಡಲೇಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸುವ ತೋಟ ಆದರೆ ಅಲ್ಲಿ ಸೇರುವ ಮುಂಚೆ ಇನ್ನೊಮ್ಮೆ ಯೋಚಿಸಿ.

ವಾರ ಕಳೆದರೂ ಉತ್ತರ ಬರದಿದ್ದರೆ ಫೋನ್ ಮಾಡಿ, ತಪ್ಪೇನಿಲ್ಲ. ಆದರೆ ಮಸ್ಟರ್ ಹೊತ್ತಿನಲ್ಲಿ ಬೇಡ, ಸಂಜೆ ತೂಕದ ಹೊತ್ತಿನಲ್ಲೂ ಬೇಡ. ಹನ್ನೊಂದು ಗಂಟೆಯ ಮೇಲೆ ಮಾಡಿದರೆ ಆಫೀಸಿನಲ್ಲಿ ಯಾರಾದರೂ ಸಮಾಧಾನವಾಗಿ ಮಾತಾಡುತ್ತಾರೆ.