ಮನೆಯಲ್ಲಿ ಬಿಪಿ ಅಳೆದು ಬರೆದಿಟ್ಟ ನನ್ನ ಅನುಭವ

ಕ್ಲಿನಿಕ್ಕಿನಲ್ಲಿ ನನ್ನ ರಕ್ತದೊತ್ತಡ 152/94 ಬಂದಾಗ ವೈದ್ಯರು ಕೂಡಲೇ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲೇ ಅಳೆದು ಬರೆದುಕೊಂಡು ಬರಲು ಹೇಳಿದರು. ಕೆಲವರಿಗೆ ವೈದ್ಯರನ್ನು ಕಂಡಾಗ ಮಾತ್ರ ಬಿಪಿ ಏರುತ್ತದೆ. ನನ್ನದು ಆ ಬಗೆಯದೋ ಅಥವಾ ಸದಾ ಇರುವುದೋ ಎಂಬುದು ಆಗ ತಿಳಿಯುತ್ತದೆ ಎಂದರು.

ಮಣಿಕಟ್ಟಿನ ಯಂತ್ರದಲ್ಲಿ ಕೈಯ ಎತ್ತರ ತುಸು ಬದಲಾದರೂ ಅಂಕಿ ಬದಲಾಗುವುದರಿಂದ, ನಾನು ತೋಳಿಗೆ ಕಟ್ಟುವ ಯಂತ್ರವನ್ನೇ ಕೊಂಡೆ. ಅಂಗಡಿಯವರು ಬ್ಲೂಟೂತ್ ಸೌಲಭ್ಯವನ್ನು ಬಾಯಿತುಂಬ ಹೊಗಳಿದರೇ ಹೊರತು ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆಯ ಮಾತೆತ್ತಲಿಲ್ಲ. ಪೆಟ್ಟಿಗೆಯಲ್ಲಿದ್ದ ಪಟ್ಟಿ 32 ಸೆಂ.ಮೀ. ಸುತ್ತಳತೆಯ ತೋಳಿನವರೆಗೆ ಮಾತ್ರ. ನನ್ನ ತೋಳು 34 ಸೆಂ.ಮೀ. ಇದೆ. ಬಿಗಿಯಾದ ಸಣ್ಣ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದರಿಂದ ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಿಕೊಂಡೆ.

ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಕಾಫಿಗೆ ಮೊದಲು, ಕುರ್ಚಿಗೆ ಬೆನ್ನು ಆನಿಸಿ, ಪಾದಗಳನ್ನು ನೆಲಕ್ಕೂರಿ, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ಆ ಐದು ನಿಮಿಷವೇ ಎಲ್ಲಕ್ಕಿಂತ ಕಷ್ಟದ ಭಾಗ! ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆಯುತ್ತಿದ್ದೆ; ಸಂಜೆಯೂ ಅದೇ ಕ್ರಮ. ಒಂದು ಬೆಳಿಗ್ಗೆ ಮೊದಲು 149/91 ಬಂದದ್ದು ಮರುನಿಮಿಷದಲ್ಲೇ 141/87 ಆಗಿತ್ತು. ಕಡಿಮೆ ಬಂದದ್ದನ್ನಷ್ಟೇ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಹಾಗೆ ಆರಿಸಿ ಬರೆದ ಅಂಕಿಗಳಿಂದ ವೈದ್ಯರಿಗೆ ಪ್ರಯೋಜನವಿಲ್ಲ.

ಮೇಲಿನ ಸಂಖ್ಯೆ ಹೃದಯ ಸಂಕುಚಿಸಿ ರಕ್ತವನ್ನು ತಳ್ಳುವಾಗಿನ ಒತ್ತಡ, ಕೆಳಗಿನದು ಎರಡು ಬಡಿತಗಳ ನಡುವೆ ಹೃದಯ ಸಡಿಲವಾದಾಗಿನದು. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದಾಗ 138/86 ಬಂತು. 140ರ ಒಳಗೇ ಇದೆಯಲ್ಲ ಎಂದು ಮನೆಯವರು ಸಮಾಧಾನಪಟ್ಟರು. ಆದರೆ 140/90 ಎಂಬುದು ಕ್ಲಿನಿಕ್ಕಿನ ಗಡಿ. ಮನೆಯ ಅಳತೆಗೆ ಗಡಿ 135/85. ವೈದ್ಯರು ಇಸಿಜಿ, ಮೂತ್ರ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತದ ಅಂಶ) ಪರೀಕ್ಷೆ ಮಾಡಿಸಿ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಆರಂಭಿಸಿದರು. ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಂಡಿನೋವಿನ ಮಾತ್ರೆಯ ಬಗ್ಗೆಯೂ ವಿಚಾರಿಸಿದರು, ಏಕೆಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಬಿಪಿಯನ್ನು ಏರಿಸಬಲ್ಲವು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಎಂದಾಗ ನಮ್ಮ ಮನೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಲೆಕ್ಕಕ್ಕೆ ಬಂದವು.

ಯಾವಾಗ ವೈದ್ಯರ ಬಳಿಗೆ ಓಡಬೇಕು ಎಂಬುದನ್ನು ನಾನು ಬಿಪಿ ಬರೆಯುವ ಪುಸ್ತಕದ ಒಳರಟ್ಟಿನಲ್ಲೇ ಬರೆದಿಟ್ಟಿದ್ದೇನೆ. 180/120 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಐದು ನಿಮಿಷ ಕುಳಿತು ಮತ್ತೆ ಅಳೆಯಬೇಕು. ಆಗಲೂ ಹಾಗೇ ಇದ್ದರೆ, ಬೇರೇನೂ ತೊಂದರೆ ಇಲ್ಲದಿದ್ದರೂ, ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ಎದೆನೋವು, ಉಸಿರಾಟದ ತೊಂದರೆ, ಒಂದು ಪಕ್ಕದ ಕೈಕಾಲಿನ ಬಲಹೀನತೆ, ಮಾತಿನ ತೊದಲು, ಗೊಂದಲ, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅಂಕಿ ಎಷ್ಟೇ ಇರಲಿ, ಮತ್ತೆ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ತಲೆನೋವು ಬಂದರೆ ಮಾತ್ರ ಬಿಪಿ ಎಂದು ನಂಬುವವರು ನಮ್ಮ ಬಂಧುಗಳಲ್ಲಿ ಈಗಲೂ ಇದ್ದಾರೆ. ಹೆಚ್ಚಿನವರಿಗೆ ಏರಿದ ಬಿಪಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಗರ್ಭಿಣಿಯರ ವಿಷಯ ಬೇರೆ: 140/90 ಬಂದರೂ ಅವರು ಅಂದೇ ವೈದ್ಯರಿಗೆ ತಿಳಿಸಬೇಕು, 160/110 ತಲುಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ ಆರಂಭವಾದ ಮೇಲೆ ಎದ್ದು ನಿಂತಾಗ ತಲೆ ತಿರುಗಿದರೆ, ಕುಳಿತಾಗಿನ ಬಿಪಿಯನ್ನೂ ನಿಂತ ಮೂರು ನಿಮಿಷದೊಳಗಿನದನ್ನೂ ಹೋಲಿಸುತ್ತೇನೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಮಾತ್ರೆಯನ್ನು ನಾನಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದೆಂದು ಮಾತಾಗಿದೆ.