ಹಿಡಿಸೂಡಿ ಕಡ್ಡಿಯೂ ಕಪ್ಪು ಚುಕ್ಕೆಯೂ: ನರಗಳನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ಮೊದಲು ಕಣ್ಣು. ಗೆರೆ ಇರುವ ನೋಟ್ ಪುಸ್ತಕದ ಹಾಳೆಯಲ್ಲಿ, ಒಂದೇ ಗೆರೆಯ ಮೇಲೆ, ಎಡಕ್ಕೊಂದು ಗುಣಿಸು ಚಿಹ್ನೆ ಬರೆಯಿರಿ. ಅಲ್ಲಿಂದ 8 ಸೆಂ.ಮೀ. ಬಲಕ್ಕೆ 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ತುಂಬಿಸಿ. ಹಾಳೆಯನ್ನು ರಟ್ಟಿಗೆ ಅಂಟಿಸಿಕೊಳ್ಳಿ. ಬಾಗಿದರೆ ಅಳತೆ ಕೆಡುತ್ತದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಲ್ಲಿ ಗುಣಿಸು ಚಿಹ್ನೆಯನ್ನೇ ನೋಡುತ್ತ, ಹಾಳೆಯನ್ನು 50 ಸೆಂ.ಮೀ. ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. 30 ಸೆಂ.ಮೀ. ಆಸುಪಾಸಿನಲ್ಲಿ ಚುಕ್ಕೆ ಮಾಯವಾಗುತ್ತದೆ. 25ಕ್ಕಿಂತ ಹತ್ತಿರ ತಂದರೆ ಮತ್ತೆ ಹಾಜರು.

ಮಗುವಿನ ಕೈಲಿ ಮಾಡಿಸುವಾಗ ಚುಕ್ಕೆ ಮಾಯವಾಗಲಿಲ್ಲವೆಂದರೆ ಹೆಚ್ಚಾಗಿ ಕಾರಣ ಒಂದೇ: ಮಗು ಕಳ್ಳನೋಟದಲ್ಲಿ ಚುಕ್ಕೆಯನ್ನೇ ನೋಡಿರುತ್ತದೆ. ಎದುರು ಕೂತು ಕಣ್ಣುಗುಡ್ಡೆ ಕದಲುತ್ತದೆಯೇ ಗಮನಿಸಿ. ಎಡಗಣ್ಣಿನ ಪರೀಕ್ಷೆಗೆ ಹಾಳೆ ತಲೆಕೆಳಗಾಗಬೇಕು. ಚುಕ್ಕೆ ಯಾವಾಗಲೂ ಕಿವಿಯ ಬದಿಗೇ ಇರಬೇಕು.

ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವೇ ಅಕ್ಷಿಪಟಲ. ಅದರಿಂದ ಸುಮಾರು 10 ಲಕ್ಷ ನರತಂತುಗಳು ಒಟ್ಟಾಗಿ ಹೊರಬೀಳುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಅದೇ ಅಂಧಬಿಂದು. ನಮ್ಮ ಕಣ್ಣಲ್ಲಿ ತಂತುಗಳು ಆ ಕೋಶಗಳ ಮುಂದೆ ಹಾಸಿಕೊಂಡಿವೆ, ಹಾಗಾಗಿ ಪಟಲವನ್ನು ತೂತು ಮಾಡಿಯೇ ಹಿಂದಕ್ಕೆ ಹೋಗಬೇಕು. ಮೀನು ಮಾರ್ಕೆಟ್ಟಿನಲ್ಲಿ ಸಿಗುವ ಬೊಂಡಾಸ (ಸ್ಕ್ವಿಡ್), ಅಂದರೆ ಮಲಯಾಳದ ಕೂಂತಳ್‌ಗೆ, ಈ ತಾಪತ್ರಯವಿಲ್ಲ: ಅದರ ತಂತುಗಳು ಹಿಂಬದಿಯಿಂದಲೇ ಹೊರಡುತ್ತವೆ. ಚುಕ್ಕೆ ಹೋದ ಜಾಗದಲ್ಲಿ ಏನು ಕಂಡಿತೆಂದು ಕೇಳಲು ಮರೆಯಬೇಡಿ. ಖಾಲಿ ಗುಂಡಿ ಕಾಣುವುದಿಲ್ಲ, ಪುಸ್ತಕದ ಗೆರೆ ಮುಂದುವರಿದಂತೆ ಕಾಣುತ್ತದೆ. ಅದು ಮೆದುಳು ತುಂಬಿಸಿಕೊಂಡ ಗೆರೆ. ಈ ಪ್ರಯೋಗದ ನಿಜವಾದ ಸ್ವಾರಸ್ಯ ಇಲ್ಲಿದೆ. ಅದಕ್ಕೇ ಗೆರೆಯ ಹಾಳೆ ಬೇಕೆಂದದ್ದು.

ಇನ್ನು ಚರ್ಮ. ಹಿಡಿಸೂಡಿಯಿಂದ, ಅಂದರೆ ತೆಂಗಿನ ಕಡ್ಡಿಯ ಪೊರಕೆಯಿಂದ, ಎರಡು ಕಡ್ಡಿ ಎಳೆದು, ನಡುಭಾಗದ 8 ಸೆಂ.ಮೀ. ಕತ್ತರಿಸಿ. ಬುಡ ದಪ್ಪವಾಯಿತು, ತುದಿ ಬಳುಕುತ್ತದೆ. ಮೊನೆಯನ್ನು ಬ್ಲೇಡಿನಿಂದ ಓರೆಯಾಗಿ ಸವರಿ, ಸಿಬಿರು ಚುಚ್ಚದಂತೆ ನೆಲಕ್ಕೆ ಉಜ್ಜಿ. ಸ್ಕೇಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಅಂತರ ಹೊಂದಿಸಬಹುದು. ಮೊನೆಗಳು ಸಮ ಎತ್ತರದಲ್ಲಿರಲಿ.

ಗೆಳೆಯ ಕಣ್ಣು ಮುಚ್ಚಿಕೊಂಡು, ತಾಗಿದ್ದು ಒಂದು ಮೊನೆಯೋ ಎರಡೋ ಹೇಳಲಿ. ಮುಂದೋಳಿನ ಮೇಲೆ 60 ಮಿ.ಮೀ. ಅಂತರದಿಂದ ಶುರು ಮಾಡಿ 5ರಂತೆ ಇಳಿಸಿ. ಬೆರಳ ತುದಿಗೆ 6ರಿಂದ 1ರಂತೆ. ಪ್ರತಿ ಅಂತರಕ್ಕೂ 10 ಸಲ, ಚರ್ಮ ತುಸು ತಗ್ಗುವಷ್ಟೇ ಒತ್ತಿ. ನಡುನಡುವೆ ಒಂದೇ ಮೊನೆ ತಾಗಿಸಿ, ಇಲ್ಲದಿದ್ದರೆ ಅವನು ಊಹೆಯಲ್ಲೇ ‘ಎರಡು’ ಎನ್ನುತ್ತಾನೆ. ತುಳುವಿನಲ್ಲಿ ಒಂಜಿ–ರಡ್ಡ್ ಎನ್ನಲಿ, ಮಲಯಾಳದಲ್ಲಿ ಒನ್ನ್–ರಂಡ್ ಎನ್ನಲಿ, ತಡವರಿಸದೆ ಹೇಳಿದರಾಯಿತು. ಎರಡು ಮೊನೆ ತಾಗಿಸಿದಾಗ 10ರಲ್ಲಿ 8 ಸಲ ಸರಿ ಹೇಳಿದ ಅತಿ ಕಡಿಮೆ ಅಂತರವನ್ನು ಬರೆದಿಡಿ.

ಬೆರಳ ತುದಿಯಲ್ಲಿ ಅದು 2–3 ಮಿ.ಮೀ.ಗೆ ಇಳಿಯುತ್ತದೆ, ಮುಂದೋಳಿನಲ್ಲಿ 30–40ರ ಹತ್ತಿರ ನಿಲ್ಲುತ್ತದೆ. ಬೆರಳಲ್ಲಿ ಸ್ಪರ್ಶಗ್ರಾಹಕಗಳು ಒತ್ತೊತ್ತಾಗಿವೆ, ಮೆದುಳಿನಲ್ಲಿ ಅದಕ್ಕೆ ಮೀಸಲಾದ ಜಾಗವೂ ದೊಡ್ಡದು; ತೋಳಲ್ಲಿ ಒಂದೊಂದು ತಂತು ಅಗಲವಾದ ಚರ್ಮವನ್ನು ನೋಡಿಕೊಳ್ಳುತ್ತದೆ. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಲಿಪಿಯ ಚುಕ್ಕೆಗಳ ನಡುವೆ ಸುಮಾರು 2.5 ಮಿ.ಮೀ. ಇರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲೆಕ್ಕ ತಪ್ಪಿಸುವುದು ಮೂರು: ಎರಡು ಮೊನೆ ಹಿಂದೆ ಮುಂದೆ ತಾಗುವುದು, ಕೈ ತಣ್ಣಗಿರುವುದು, ಕಡ್ಡಿಯನ್ನು ಒಮ್ಮೆ ತೋಳಿನ ಉದ್ದಕ್ಕೂ ಇನ್ನೊಮ್ಮೆ ಅಡ್ಡಕ್ಕೂ ಹಿಡಿಯುವುದು. ಅಡಿಕೆ ಸುಲಿದು ದಡ್ಡುಗಟ್ಟಿದ ಬೆರಳನ್ನು ಬಿಟ್ಟು ಬೇರೆ ಬೆರಳು ಆರಿಸಿ.

ಮಂಡಿಯ ಪರೀಕ್ಷೆ ಎಲ್ಲರಿಗೂ ಗೊತ್ತು. ಕಾಲು ನೆಲಕ್ಕೆ ತಾಗದಂತೆ ಮೇಜಿನ ಮೇಲೆ ಕೂರಿಸಿ, ಮಂಡಿಚಿಪ್ಪಿನ ಕೆಳಗಿನ ಮೆತ್ತನೆಯ ತಗ್ಗಿಗೆ ಅಂಗೈಯ ಅಂಚಿನಿಂದ ಒಂದು ಚುರುಕಾದ ಏಟು. ಕಾಲು ಹಾರುವುದು ನೋವಿಗಲ್ಲ. ಏಟಿಗೆ ತೊಡೆಯ ಸ್ನಾಯು ಥಟ್ಟನೆ ಎಳೆಯಲ್ಪಟ್ಟ ಸುದ್ದಿ ಮೆದುಳುಬಳ್ಳಿಗೆ (ಬೆನ್ನುಹುರಿಗೆ) ಹೋಗಿ, ಅಲ್ಲಿಂದಲೇ ಉತ್ತರ ಬರುತ್ತದೆ. ಕಾಲು ಕದಲದಿದ್ದರೆ ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸೇರಿಸಿ ಬಲವಾಗಿ ಜಗ್ಗಲು ಹೇಳಿ, ಜಗ್ಗುತ್ತಿರುವಾಗಲೇ ಹೊಡೆಯಿರಿ.